ಡಬ್ಬಿಯ ಹೊತ್ತು

ತಲೆಗೆ ಹಚ್ಚುವ ಅಂಟು ತಣ್ಣಗಿರುತ್ತದೆ ಎಂದು ಅನ್ವಿತಾ ಮೊದಲೇ ಹೇಳಿದ್ದಳು. ಆದರೂ ಅದು ನೆತ್ತಿಗೆ ತಾಗಿದಾಗ ಜಯತೀರ್ಥ ಬೆಚ್ಚಿದ, ಬೆಚ್ಚಿದ್ದಕ್ಕೆ ನಾಚಿದ. ಐವತ್ತಾರರ ಗಂಡಸು, ಇಪ್ಪತ್ತೇಳು ವರ್ಷ ರೈಲು ಓಡಿಸಿದವನು, ಕ್ಷೌರದಂಗಡಿಯಲ್ಲಿ ಮೊದಲ ಸಲ ಕೂತ ಮಗುವಿನ ಹಾಗೆ ಹೆಗಲು ಕುಗ್ಗಿಸಿಕೊಂಡು ಕೂತಿದ್ದ. ಹುಡುಗಿ ಗದಗಿನವಳು. ಮಲ್ಕಾಜ್‌ಗಿರಿಯಲ್ಲಿ ಅವನ ಮನೆಯ ಮೇಲಿನ ಮಹಡಿಯಲ್ಲಿ ಇನ್ನಿಬ್ಬರ ಜೊತೆ ಬಾಡಿಗೆಗಿದ್ದು, ಈ ಸಂಸ್ಥೆಯಲ್ಲಿ ಮಿದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಪರೀಕ್ಷೆಗೆ ಐವತ್ತು ದಾಟಿದವರು ಸಿಗುತ್ತಿಲ್ಲ ಎಂದು ಅವಳು ನೀಲಾಳ ಮುಂದೆ ಅಂದದ್ದೇ ತಡ, ನೀಲಾ ಕೊತ್ತಂಬರಿ ಕಟ್ಟು ದಾಟಿಸಿದಷ್ಟು ಸಲೀಸಾಗಿ ಗಂಡನನ್ನು ದಾಟಿಸಿಬಿಟ್ಟಿದ್ದಳು. ನಮ್ಮವರು ಮುಂಜಾನೆ ಸುಮ್ಮನೇ ಕೂತಿರತಾರ, ಕರಕೊಂಡು ಹೋಗವಾ ಎಂದಿದ್ದಳು. ಈಗ ಅನ್ವಿತಾ ತಂತಿಗಳ ಟೋಪಿಯನ್ನು ಅವನ ತಲೆಗೆ ತೊಡಿಸುತ್ತ, ಕೂದಲು ಕಡಿಮೆ ಇದ್ದವರೇ ನಮಗೆ ಅನುಕೂಲ ಕಾಕಾ, ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದಳು. ಸಮಾಧಾನಕ್ಕೆ ಹೇಳಿದ ಮಾತು. ಜಯತೀರ್ಥನಿಗೆ ತನ್ನ ಬೋಳುನೆತ್ತಿಯೂ ನೆನಪಾಯಿತು, ಸಿಗ್ನಲ್ ಎಂಬ ಶಬ್ದಕ್ಕೆ ಬಲಗೈ ತಾನಾಗಿ ತೊಡೆಯಿಂದೆದ್ದು ಅರ್ಧಕ್ಕೆ ನಿಂತದ್ದೂ ಕಂಡಿತು. ಕೈಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡ.

ಹಾಗೆ ಕೈ ಎತ್ತುವುದು ಇಂಜಿನ್ನಿನ ಸಂಪ್ರದಾಯ. ಡ್ರೈವರ್ ಎಡಕ್ಕೆ ಕೂರುತ್ತಾನೆ, ಅಸಿಸ್ಟೆಂಟ್ ಬಲಕ್ಕೆ. ಮುಂದೆ ಸಿಗ್ನಲ್ ಕಂಡ ಕೂಡಲೇ ಒಬ್ಬ ಕೈ ಎತ್ತಿ ಅದರ ಬಣ್ಣ ಕೂಗಬೇಕು, ಇನ್ನೊಬ್ಬ ತಾನೂ ಕಣ್ಣಾರೆ ಕಂಡು ಅದನ್ನೇ ತಿರುಗಿ ಕೂಗಬೇಕು. ಒಬ್ಬನ ಕಣ್ಣನ್ನು ನಂಬಬಾರದು ಎಂದು ರೈಲ್ವೆ ಎಂದೋ ತೀರ್ಮಾನಿಸಿದೆ. ಮದುವೆಯಾದ ಹೊಸದರಲ್ಲಿ ಜಯತೀರ್ಥ ನಿದ್ದೆಯಲ್ಲಿ 'ಹಸಿರು' ಎಂದು ಕೂಗುತ್ತಿದ್ದನಂತೆ. ನೀಲಾ ಮಗ್ಗುಲು ಹೊರಳದೆ ಅರೆನಿದ್ದೆಯಲ್ಲೇ 'ಹಸಿರು' ಎಂದು ಉತ್ತರ ಕೊಡುತ್ತಿದ್ದಳಂತೆ. ಇಲ್ಲದಿದ್ದರೆ ಮತ್ತೆ ಮತ್ತೆ ಕೂಗುತ್ತೀರಿ, ನನಗೂ ನಿದ್ದೆ ಬೇಕಲ್ಲ ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಅದೇ ಒಂದು ದೊಡ್ಡ ತಮಾಷೆಯಾಗಿತ್ತು. ಮೂರು ವರ್ಷದಿಂದ ಅವನು ನಿದ್ದೆಯಲ್ಲಿ ಕೂಗಿಲ್ಲ, ಅವಳು ಉತ್ತರ ಕೊಟ್ಟಿಲ್ಲ, ಆ ತಮಾಷೆಯನ್ನು ಯಾರ ಮುಂದೂ ಎತ್ತಿಲ್ಲ. ಮನೆಯಲ್ಲಿ ಇಬ್ಬರೂ ಇರುತ್ತಾರೆ. ಫ್ಯಾನು ತಿರುಗುತ್ತದೆ, ಕುಕ್ಕರು ಕೂಗುತ್ತದೆ, ಮನುಷ್ಯರ ದನಿ ಬೇಕಾದಾಗ ನೀಲಾ ಟಿವಿ ಹಚ್ಚುತ್ತಾಳೆ.

ಟೋಪಿಯ ತಂತಿಗಳನ್ನು ಒಂದು ಪೆಟ್ಟಿಗೆಗೆ ಸಿಕ್ಕಿಸಿ, ದೀಪ ಆರಿಸಿ, ಅನ್ವಿತಾ ಗಾಜಿನಾಚೆಯ ಕೋಣೆಗೆ ಹೋದಳು. ಎದುರಿಗಿನ ಪರದೆಯ ಮೇಲೆ ಬೂದು ಬಣ್ಣದ ಒಂದು ಬಿಲ್ಲೆ ಬರುತ್ತದೆ, ಸ್ವಲ್ಪ ಹೊತ್ತು ನಿಂತು ಹೋಗುತ್ತದೆ, ಆಮೇಲೆ ಮತ್ತೊಂದು. ಯಾವುದಾದರೂ ಉಳಿದವಕ್ಕಿಂತ ಹೆಚ್ಚು ಹೊತ್ತು ನಿಂತಿತು ಅನಿಸಿದರೆ ಎಡಗುಂಡಿ ಒತ್ತಬೇಕು, ಕಡಿಮೆ ಅನಿಸಿದರೆ ಬಲಗುಂಡಿ, ಅಷ್ಟೇ ಅನಿಸಿದರೆ ಸುಮ್ಮನಿರಬೇಕು. ಇಷ್ಟೇ ಪರೀಕ್ಷೆ. ಬಿಲ್ಲೆ ಬಂತು, ಹೋಯಿತು. ಬಂತು, ಹೋಯಿತು. ಜಯತೀರ್ಥನಿಗೆ ಇದು ಹೊಸದಲ್ಲ. ವಾಡಿಯ ಕಡೆಗಿನ ಹಾದಿಯಲ್ಲಿ ಕಂಬಗಳು ಹೀಗೇ ಬರುತ್ತಿದ್ದವು, ಹೀಗೇ ಹೋಗುತ್ತಿದ್ದವು, ಇಪ್ಪತ್ತೇಳು ವರ್ಷದಲ್ಲಿ ಒಂದು ಕಂಬದ ಮುಖವೂ ನೆನಪಿಲ್ಲ. ಕಣ್ಣು ಮುಂದಿತ್ತು, ಮನಸ್ಸು ತನ್ನ ಪಾಡಿಗೆ ಮನೆಯ ನಲ್ಲಿ, ಪಿಎಫ್ ಸಾಲ, ನೀಲಾಳ ಮಂಡಿನೋವು ಎಂದು ಅಲೆಯತೊಡಗಿತ್ತು. ಅಷ್ಟರಲ್ಲಿ ಒಂದು ಬಿಲ್ಲೆ ಬಂದದ್ದು ನಿಲ್ಲಲಿಲ್ಲ, ಹಿಗ್ಗಿತು. ಹಿಗ್ಗುತ್ತ ಹಿಗ್ಗುತ್ತ ಅವನ ಕಡೆಗೇ ನುಗ್ಗಿ ಬಂತು. ಅವನ ಕೈ ಗುಂಡಿಯನ್ನು ಒತ್ತಲಿಲ್ಲ. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಹಿಡಿದು ಬಲವಾಗಿ ಎಳೆಯಿತು.

ಬಾಟಲಿ ನೆಲಕ್ಕೆ ಬಿತ್ತು. ದೀಪ ಹತ್ತಿತು. ಅನ್ವಿತಾ ಬಟ್ಟೆ ತಂದು ನೆಲ ಒರೆಸಿದಳು, ಅವನು ತಾನು ಒರೆಸುತ್ತೇನೆಂದು ಏಳಹೋಗಿ ತಂತಿಗಳು ಎಳೆದಂತಾಗಿ ಕೂತ. ಕಟ್ಟಿಹಾಕಿದ ಎಮ್ಮೆಯ ಹಾಗೆ. ಅವಳು, ಎಷ್ಟೋ ಜನ ಬೆಚ್ಚುತ್ತಾರೆ ಕಾಕಾ ಎಂದಳು. ಮತ್ತೆ ಕತ್ತಲೆ, ಮತ್ತೆ ಬಿಲ್ಲೆಗಳು. ಈ ಸಲ ಅವನು ಗುಂಡಿಯ ಮೇಲೆ ಬೆರಳು ಬಿಗಿಯಾಗಿಟ್ಟು ಕಾದ. ಹಿಗ್ಗುವ ಬಿಲ್ಲೆ ಬಂದಾಗಲೆಲ್ಲ ಎಡಗುಂಡಿ ಒತ್ತಿದ. ಅದು ಉದ್ದವಾಗಿತ್ತು, ಅದರಲ್ಲಿ ಅನುಮಾನವೇ ಇರಲಿಲ್ಲ. ಉಳಿದವು ಚಿಟಿಕೆ ಹೊಡೆದಷ್ಟು, ಇದು ಒಂದು ಸಣ್ಣ ಮಧ್ಯಾಹ್ನದಷ್ಟು.

ಮೂರು ವರ್ಷದ ಹಿಂದಿನ ಆ ಮಧ್ಯಾಹ್ನವೂ ಅಷ್ಟೇ ಉದ್ದವಿತ್ತು. ಸಿಮೆಂಟಿನ ಗೂಡ್ಸ್ ಗಾಡಿ, ವಿಕಾರಾಬಾದ್ ದಾಟಿದ ಮೇಲೆ ಬರುವ ಬಲತಿರುವು, ತಿರುವಿನ ಒಳಮಗ್ಗುಲಿಗೆ ಬೇವಿನ ಮರಗಳು. ಮರಗಳು ಸರಿದವು, ಹಳಿಯ ಮೇಲೆ ಒಬ್ಬ ಹೆಂಗಸಿದ್ದಳು. ಗಿಣಿಹಸಿರು ಸೀರೆ. ಸೊಂಟದ ಮೇಲೆ ಹಾಲಿನ ಸ್ಟೀಲ್ ಕ್ಯಾನು. ಬಾಯಿ ಆಡುತ್ತಿತ್ತು, ಎಲೆಯಡಿಕೆ ಮೆಲ್ಲುತ್ತಿದ್ದಳೋ ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದಳೋ. ಎಡಗಾಲಿನ ಚಪ್ಪಲಿಯ ಬಾರಿಗೆ ಬಿಳಿ ದಾರ ಕಟ್ಟಿತ್ತು. ಅಷ್ಟು ದೂರದಿಂದ ಚಪ್ಪಲಿಯ ದಾರ ಕಂಡೀತೇ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅವನು ಯಾರಿಗೂ ಹೇಳಲಿಲ್ಲ. ಅವಳು ಮುಖ ತಿರುಗಿಸಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಾಗಿಲು ತಟ್ಟಿದವರು ಯಾರೆಂದು ನೋಡುವವಳ ಹಾಗೆ ನೋಡಿದಳು. ಪಕ್ಕದಿಂದ ಅಸಿಸ್ಟೆಂಟ್ ಸಾಯಿಕುಮಾರ 'ಯವ್ವಾ' ಎಂದು ಕೂಗಿದ. ಆ ಕೂಗು ಶುರುವಾಯಿತು, ನಡೆಯಿತು, ನಡೆಯುತ್ತಲೇ ಇತ್ತು. ಇಷ್ಟೆಲ್ಲ ಆಗುವಾಗ ಜಯತೀರ್ಥನ ಕೈ ಎಲ್ಲಿತ್ತು? ಇದೊಂದೇ ಅವನಿಗೆ ನೆನಪಾಗುವುದಿಲ್ಲ. ಸೀರೆ ನೋಡಲು ಹೊತ್ತಿತ್ತು, ಕ್ಯಾನು ನೋಡಲು ಹೊತ್ತಿತ್ತು, ಕೂಗು ಕೇಳಲು ಹೊತ್ತಿತ್ತು. ಹಾಗಿದ್ದರೆ ಬ್ರೇಕ್ ಎಳೆಯಲು, ಹಾರ್ನ್ ಹೊಡೆಯಲು ಹೊತ್ತಿರಲಿಲ್ಲವೆಂದು ಯಾವ ಬಾಯಲ್ಲಿ ಹೇಳುವುದು.

ಆದರೆ ಹೇಳಿದ್ದ. ಬರೆದೇ ಕೊಟ್ಟಿದ್ದ. ಗಾಡಿಗೆ ಜನ ಸಿಕ್ಕಿದಾಗ ಡ್ರೈವರ್ ಕೊಡುವ ಹೇಳಿಕೆ ಊರಿಗೆಲ್ಲ ಒಂದೇ. ಏಕಾಏಕಿ ಅಡ್ಡ ಬಂದರು, ಹಾರ್ನ್ ಹೊಡೆದೆ, ತಕ್ಷಣ ಎಮರ್ಜೆನ್ಸಿ ಬ್ರೇಕ್ ಹಾಕಿದೆ, ನಾವಿಬ್ಬರೂ ಮುಂದೆ ನೋಡುತ್ತಿದ್ದೆವು, ತಪ್ಪಿಸಲು ಸಾಧ್ಯವಾಗಲಿಲ್ಲ. ಗುಮಾಸ್ತ ಕಂಪ್ಯೂಟರಿನಲ್ಲಿ ಈ ನಾಲ್ಕು ಸಾಲು ಇಟ್ಟುಕೊಂಡೇ ಇರುತ್ತಾನೆ. ತಾರೀಖು, ಕಿಲೋಮೀಟರ್ ನಂಬರು, ಹೆಸರು ಬದಲಿಸಿದರೆ ಆಯಿತು. ಜಯತೀರ್ಥ ಸಹಿ ಹಾಕಿದ, ಕೆಳಗೆ ಸಾಯಿಕುಮಾರ ಸಹಿ ಹಾಕಿದ. ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ಚಹಾದ ಜೊತೆ ಎರಡು ಬಿಸ್ಕತ್ತು ಕೊಟ್ಟರು. ಇಂಜಿನ್ನಿನ ಯಂತ್ರದಲ್ಲಿ ಬ್ರೇಕ್ ಬಿದ್ದ ಗಳಿಗೆ ದಾಖಲಾಗಿತ್ತು. ಸರಿ. ಆದರೆ ಅವನು ಅವಳನ್ನು ಕಂಡ ಗಳಿಗೆಯನ್ನು ಯಾವ ಯಂತ್ರವೂ ದಾಖಲು ಮಾಡಿರಲಿಲ್ಲ. ಅದು ಅವನ ತಲೆಯಲ್ಲಿ ಮಾತ್ರ ಇತ್ತು, ಅಲ್ಲಿ ಅದು ಮೂರು ವರ್ಷದಿಂದ ಮುಗಿಯದೆ ಉಳಿದಿತ್ತು. ಪೊಲೀಸ್ ಕಾಗದದಲ್ಲಿ ಅವಳ ಹೆಸರು ಗದಿಗೆಮ್ಮ ಎಂದಿತ್ತು, ವಯಸ್ಸು ನಲವತ್ತಾರು. ಆಮೇಲೆ ಅವನು ಗಾಡಿ ಓಡಿಸುವಾಗ ಮೂರು ಸಲ, ಹಳಿಯ ಮೇಲೆ ಯಾರೂ ಇಲ್ಲದಾಗ, ಎಮರ್ಜೆನ್ಸಿ ಬ್ರೇಕ್ ಎಳೆದ. ರೈಲ್ವೆಯ ಡಾಕ್ಟರು ಇನ್ನು ಇಂಜಿನ್ ಬೇಡ ಎಂದು ಬರೆದ ಮೇಲೆ ಅವನನ್ನು ಡ್ರೈವರ್‌ಗಳು ಡ್ಯೂಟಿಗೆ ಬಂದು ಸಹಿ ಮಾಡುವ ಲಾಬಿಯ ಕೌಂಟರಿನಲ್ಲಿ ಕೂರಿಸಿದರು.

ಟೋಪಿ ಬಿಚ್ಚಿದ ಮೇಲೆ ಅನ್ವಿತಾ ಪೇಪರ್ ಕಪ್ಪಿನಲ್ಲಿ ಚಹಾ ತಂದುಕೊಟ್ಟು, ಒಟ್ಟು ಎಷ್ಟು ಬಿಲ್ಲೆ ನೋಡಿದಿರಿ ಎಂದು ಕೇಳಿದಳು. ಅವನು ಲೆಕ್ಕ ಹಾಕಿ ಐವತ್ತಿರಬಹುದು ಎಂದ. ಮುನ್ನೂರು ಎಂದಳು. ಹಿಗ್ಗುವುದು ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂದು ಕೇಳಿದಳು. ಉಳಿದವುಗಳ ಎರಡರಷ್ಟಾದರೂ ಎಂದ. ಅವಳು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ತೋರಿಸಿದಳು: ಎಲ್ಲವೂ ಅರ್ಧ ಸೆಕೆಂಡು. ಹಿಗ್ಗುವುದೂ ಅರ್ಧ ಸೆಕೆಂಡು, ಹಿಗ್ಗದ್ದೂ ಅರ್ಧ ಸೆಕೆಂಡು. ಅವನು ನಂಬಲಿಲ್ಲ. ಯಂತ್ರ ಸರಿಯಿದೆಯೇ ಎಂದು ಕೇಳಿದ. ಅವಳು ನಕ್ಕಳು, ಎಲ್ಲರೂ ಯಂತ್ರವನ್ನೇ ಬೈಯುತ್ತಾರೆ ಎಂದಳು.

"ಬಂದದ್ದೇ ಮತ್ತ ಮತ್ತ ಬಂದ್ರ ಮಿದುಳು ಅದಕ್ಕ ಲಕ್ಷ್ಯ ಕೊಡಂಗಿಲ್ಲ ಕಾಕಾ," ಎಂದಳು. "ಮೊದಲನೇದಕ್ಕ ಎದ್ದು ನಿಂತು ನೋಡತೈತಿ, ನೂರನೇದಕ್ಕ ತಲೀನೂ ಎತ್ತಂಗಿಲ್ಲ. ಹಂಗಾಗಿ ಅದು ಸಣ್ಣದಾಗಿ, ಇಲ್ಲೇ ಇಲ್ಲ ಅನ್ನಂಗ ಆಗತೈತಿ. ಹೊಸಾದು ಮೈಮ್ಯಾಲೆ ಬಂದ್ರ ಒಳಗ ದೊಡ್ಡ ಗದ್ದಲ ಏಳತೈತಿ. ಎಷ್ಟು ಗದ್ದಲ ಆತೋ ಅಷ್ಟು ಹೊತ್ತು ಆತು ಅಂತ ನಮಗ ಅನಸತೈತಿ."

ಜಯತೀರ್ಥ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹಾಗಾದರೆ ಒಬ್ಬ ಮನುಷ್ಯ ಒಂದು ವಸ್ತುವನ್ನು ಭಾಳ ಹೊತ್ತು ನೋಡಿದೆ ಎಂದು ಆಣೆ ಮಾಡಿದರೂ, ಅವನು ಅಷ್ಟು ಹೊತ್ತು ನೋಡಿರದೆ ಇರಬಹುದೇ ಎಂದು ಕೇಳಿದ. ಇರಬಹುದು ಎಂದಳು. ಅವನು ತಡಮಾಡಿದೆ ಅಂದುಕೊಂಡಿದ್ದರೂ ತಡಮಾಡಿರದೆ ಇರಬಹುದೇ? ಇರಬಹುದು. ನಾನು ನನ್ನ ವಿಷಯ ಕೇಳುತ್ತಿಲ್ಲ ಎಂದು ಅವನೇ ಸೇರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕುಂಬಳಕಾಯಿಯ ಹೆಸರೂ ಎತ್ತಿರಲಿಲ್ಲ. ಅನ್ವಿತಾ ಅವನ ಮುಖವನ್ನೂ, ಎತ್ತಿಟ್ಟಿದ್ದ ನೀರಿನ ಬಾಟಲಿಯನ್ನೂ ನೋಡಿದಳು. ಜಾಣೆ. ನಮ್ಮದು ನೂರಾರು ಜನರ ಸರಾಸರಿ ಲೆಕ್ಕ ಕಾಕಾ, ಒಬ್ಬರ ಒಂದು ದಿನದ ಬಗ್ಗೆ ಇದು ಹೀಗೇ ಅಂತ ಹೇಳಲು ಬರುವುದಿಲ್ಲ ಎಂದಳು. ಆಮೇಲೆ, "ಅವರ ಬಾಜೂಕ ಯಾರರ ಇದ್ರ, ಅವರನ್ನ ಕೇಳಬೇಕ್ರಿ," ಎಂದಳು.

ಬಾಜೂಕ, ಪಕ್ಕದ ಸೀಟಿನಲ್ಲಿ, ಯಾರೋ ಇದ್ದರು. ಇದು ಜಯತೀರ್ಥನಿಗೆ ಗೊತ್ತಿಲ್ಲದ್ದೇನಲ್ಲ. ಬಸ್ಸಿನಲ್ಲಿ ನಿಂತು ಹೋಗುವಾಗ, ಅಂಟು ಒಣಗಿ ತಲೆ ತುರಿಸುವಾಗ, ಸಾಯಿಕುಮಾರನ ಮುಖ ಅವನ ಕಣ್ಣಿಗೆ ಕಟ್ಟಿತು. ತಾಂಡೂರಿನವನು, ಹೊರಗೆ ತೆಲುಗು, ಅಜ್ಜಿಯಿಂದ ಬಂದ ಕನ್ನಡ. ಜಯತೀರ್ಥನ ಜೊತೆ ನಾಲ್ಕು ವರ್ಷ ಅಸಿಸ್ಟೆಂಟ್ ಆಗಿದ್ದ, ಈಗ ತಾನೇ ಡ್ರೈವರ್, ಎರಡು ಮಕ್ಕಳ ತಂದೆ. ಆ ದಿನದ ನಂತರ ಇಬ್ಬರೂ ಮಾತು ಬಿಟ್ಟಿದ್ದರು. ಜಗಳವಾಡಿ ಬಿಟ್ಟದ್ದಲ್ಲ. ವಾರಕ್ಕೆ ಮೂರು ನಾಲ್ಕು ಸಲ ಸಾಯಿಕುಮಾರ ಲಾಬಿಗೆ ಬರುತ್ತಾನೆ, ಕುಡಿದಿಲ್ಲವೆಂದು ತೋರಿಸಲು ಯಂತ್ರಕ್ಕೆ ಊದುತ್ತಾನೆ, ಸಹಿ ಮಾಡುತ್ತಾನೆ, ಗಾಡಿಯ ಕಾಗದ ತೆಗೆದುಕೊಳ್ಳುತ್ತಾನೆ. ನಮಸ್ಕಾರ ಸರ್, ಬರತೀನಿ ಸರ್. ತಲೆ ಎತ್ತುವುದಿಲ್ಲ. ಜಯತೀರ್ಥನಿಗೆ ಇದರ ಅರ್ಥ ಚೆನ್ನಾಗಿ ಗೊತ್ತಿತ್ತು. ನಾನು ತಡಮಾಡಿದ್ದನ್ನು ಅವನು ನೋಡಿದ್ದಾನೆ. ಅವನು ಮೊದಲು ಕಂಡು ಕೂಗಿದ, ನಾನು ಕೂತೇ ಇದ್ದೆ. ನನ್ನ ಮರ್ಯಾದೆ ಉಳಿಸಲು ಸುಳ್ಳಿಗೆ ಸಹಿ ಹಾಕಿದ, ಈಗ ನನ್ನ ಮುಖ ನೋಡಲು ಅವನಿಗೆ ಹೇಸಿಗೆ. ಮೂರು ವರ್ಷದಲ್ಲಿ ಎಷ್ಟೋ ಸಲ ಕೇಳಬೇಕೆಂದು ಬಾಯಿ ತೆರೆದು, ಹಿಂದೆ ಸಾಲಿನಲ್ಲಿ ನಿಂತವರನ್ನು ನೋಡಿ, ನೆಕ್ಸ್ಟ್ ಎಂದಿದ್ದ. ಇಂದು ಒಂದೂ ನಲವತ್ತಕ್ಕೆ ಸಾಯಿಕುಮಾರ ಡ್ಯೂಟಿಗೆ ಬರುತ್ತಾನೆ. ಲಾಬಿಯ ಪಟ್ಟಿಯಲ್ಲಿ ನಿನ್ನೆಯೇ ನೋಡಿದ್ದ. ಇಂದು ಕೇಳದಿದ್ದರೆ ಇನ್ನು ಕೇಳುವುದಿಲ್ಲ ಎಂದು ಅವನಿಗೇ ಅನಿಸಿತು.

ಲಾಬಿಯಲ್ಲಿ ಜೊತೆಯ ಗುಮಾಸ್ತ ಹನುಮಂತರಾಯ ಅವನ ತಲೆ ನೋಡಿ, ಏನ್ರಿ ಸ್ವಾಮಿ, ಆಕಳು ನೆಕ್ಕಿತೇನು ಎಂದ. ಎಲ್ಲರೂ ನಕ್ಕರು, ಜಯತೀರ್ಥನೂ ನಕ್ಕು ಬಾತ್‌ರೂಮಿಗೆ ಹೋಗಿ ತಲೆಗೆ ನೀರು ತಟ್ಟಿಕೊಂಡ. ಕನ್ನಡಿಯಲ್ಲಿ ಕೂದಲು ಇನ್ನೂ ನಾಲ್ಕು ಕಡೆ ನಿಂತೇ ಇತ್ತು. ಬಂದು ಡ್ರಾಯರಿನಲ್ಲಿ ತನ್ನ ಡಬ್ಬಿ ಇಟ್ಟ. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ತೆರೆದು ನೋಡಬೇಕಾದ್ದಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೆರಡು. ಇಂದು ಅದರ ಮುಳ್ಳು ನಿಂತಲ್ಲೇ ನಿಂತು ಜೀವ ತಿಂದಿತು. ದಿನವೂ ಇದೇ ಕುರ್ಚಿ, ಇದೇ ಗಡಿಯಾರ, ಹನ್ನೆರಡರಿಂದ ಎಂಟರವರೆಗಿನ ಪಾಳಿ ಯಾವಾಗ ಮುಗಿಯಿತೆಂದೇ ಗೊತ್ತಾಗುತ್ತಿರಲಿಲ್ಲ. ಮೂರು ವರ್ಷ ಇಲ್ಲಿ ಕೂತದ್ದು ಹಿಂತಿರುಗಿ ನೋಡಿದರೆ ಒಂದು ವಾರದಷ್ಟೂ ಇಲ್ಲ. ಗದಿಗೆಮ್ಮ ಮುಖ ತಿರುಗಿಸಿದ್ದು ಅದಕ್ಕಿಂತ ಉದ್ದವಿದೆ.

ಸಾಯಿಕುಮಾರ ಒಂದೂ ಮೂವತ್ತೆಂಟಕ್ಕೆ ಬಂದ. ಹೆಗಲಿಗೆ ಬ್ಯಾಗು, ಕೈಯಲ್ಲಿ ನೀರಿನ ಕ್ಯಾನು. ಊದಿದ, ಸಹಿ ಮಾಡಿದ. ಹನುಮಂತರಾಯ ಚಹಾಕ್ಕೆ ಹೋಗಿದ್ದ, ಹಿಂದೆ ಸಾಲಿರಲಿಲ್ಲ. ಜಯತೀರ್ಥ ಗಾಡಿಯ ಕಾಗದವನ್ನು ಕೌಂಟರಿನ ಕಿಂಡಿಯಲ್ಲಿ ಮುಂದೆ ತಳ್ಳಿ, ಅದರ ಮೇಲಿಂದ ಬೆರಳು ತೆಗೆಯಲಿಲ್ಲ. ಸಾಯಿಕುಮಾರ ಕಾಗದವನ್ನು ಎಳೆದ, ಬರಲಿಲ್ಲ, ಆಗ ತಲೆ ಎತ್ತಿದ. ಕಣ್ಣ ಕೆಳಗೆ ಕಪ್ಪಾಗಿತ್ತು. ಇವನಿಗೂ ವಯಸ್ಸಾಗಿದೆ ಎಂದು ಜಯತೀರ್ಥನಿಗೆ ಮೊದಲ ಸಲ ಕಂಡಿತು.

"ಸಾಯಿ, ಒಂದು ಖರೇ ಹೇಳು," ಎಂದ. "ಅವತ್ತು ನೀ ಕೂಗಿದ ಮ್ಯಾಲೆ ನಾ ಎಷ್ಟೊತ್ತಿಗೆ ಬ್ರೇಕ್ ಹಾಕಿದೆ?"

ಯಾವತ್ತು ಎಂದು ಸಾಯಿಕುಮಾರ ಕೇಳಲಿಲ್ಲ. ಬ್ಯಾಗನ್ನು ಹೆಗಲಿಂದಿಳಿಸಿ ನೆಲದ ಮೇಲಿಟ್ಟ, ಬಹಳ ದಿನದಿಂದ ಇಳಿಸಬೇಕೆಂದಿದ್ದವನ ಹಾಗೆ.

"ನಾ ಕೂಗಿಲ್ಲ ಸರ್. ಕೂಗಿದ್ದು ನೀವು."

ಜಯತೀರ್ಥ ಇಲ್ಲ ಎಂದ. ಯವ್ವಾ ಎಂದದ್ದು ನೀನು, ನನ್ನ ಕಿವಿಯಲ್ಲಿದೆ ಎಂದ. ಸಾಯಿಕುಮಾರ ತಲೆಯಾಡಿಸಿದ. "ನೀವು ಸರ್. ನಿಮ್ಮ ಕೂಗಿಗೇ ನಾ ತಲೆ ಎತ್ತಿದ್ದು. ನಾ ತಲೆ ಎತ್ತೋದ್ರಾಗ ಬ್ರೇಕಿನ ಹ್ಯಾಂಡಲ್ ಎಮರ್ಜೆನ್ಸಿಗೆ ಬಿದ್ದಿತ್ತು, ನಿಮ್ಮ ಬಾಯಿ ಇನ್ನಾ ಮುಚ್ಚಿರಲಿಲ್ಲ."

ಯವ್ವಾ ಎನ್ನಲು ಎಷ್ಟು ಹೊತ್ತು ಬೇಕು. ಜಯತೀರ್ಥ ಮನಸ್ಸಿನಲ್ಲೇ ಅಂದು ನೋಡಿದ, ತುಟಿ ಅಲುಗಿತು, ಗೋಡೆಯ ಗಡಿಯಾರದ ಕೆಂಪು ಮುಳ್ಳು ಒಂದು ಮನೆ ದಾಟುವುದರೊಳಗೆ ಮುಗಿಯಿತು. ಅಷ್ಟೇ. ತಡವಾಗಿರಲಿಲ್ಲ. ಕೈ ಅದರ ಕೆಲಸ ಮಾಡಿತ್ತು, ಅವನು ನೋಡುತ್ತ ಕೂತಿರಲಿಲ್ಲ. ಆ ಹೊತ್ತಿನ ಉದ್ದವೆಲ್ಲ ತಲೆಯೊಳಗಿನ ಗದ್ದಲ. ಮೈಯಲ್ಲಿ ಎಲ್ಲೋ ಬಿಗಿದಿದ್ದ ಹುರಿಯೊಂದು ಸಡಿಲಾಗಿ ಕಣ್ಣಲ್ಲಿ ನೀರು ಬಂತು, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. ಮೂರು ವರ್ಷ. ದೇವರೇ, ಒಂದು ಮಾತು ಕೇಳಿಬಿಟ್ಟಿದ್ದರೆ ಸಾಕಿತ್ತು. ಹಗುರಾಗಿ, ಬಹುಶಃ ನಗುತ್ತಲೇ, ಮತ್ತೇನೂ ಯೋಚಿಸದೆ ಕೇಳಿದ: ತಲೆ ಎತ್ತೋದ್ರಾಗ ಅಂದ್ರ, ನಿನ್ನ ತಲೆ ಎಲ್ಲಿತ್ತು?

ಸಾಯಿಕುಮಾರ ಕೌಂಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ತಗ್ಗಿಸಿದ್ದೆ ಸರ್ ಎಂದ. ಆ ತಿರುವು ನನ್ನ ಕಡೆಯದು ಎಂದ. ಅದು ಜಯತೀರ್ಥನಿಗೆ ಹೇಳಬೇಕಾದ್ದಿಲ್ಲ. ಬಲತಿರುವಿನಲ್ಲಿ ಎಡಕ್ಕೆ ಕೂತ ಡ್ರೈವರ್‌ಗೆ ಇಂಜಿನ್ನಿನ ಉದ್ದ ಮೂತಿ ಅಡ್ಡವಾಗಿ, ಮರಗಳು ಸರಿಯುವವರೆಗೆ ಏನೂ ಕಾಣುವುದಿಲ್ಲ. ಬಲಕ್ಕೆ ಕೂತವನಿಗೆ ಮರಗಳ ಸಂದಿಯಿಂದ ಹಳಿ ಸುಮಾರು ದೂರ ಮೊದಲೇ ಕಾಣುತ್ತದೆ. ಅದಕ್ಕೇ ಅಲ್ಲಿ ಒಬ್ಬನನ್ನು ಕೂರಿಸಿರುವುದು. "ನಾ ನೋಡಿದ್ರ ಮೊದಲೇ ಕಾಣತಿತ್ತು ಸರ್. ಗಾಡಿ ನಿಲ್ಲತಿರಲಿಲ್ಲ, ಆದ್ರ ಹಾರ್ನ್ ಹೊಡಿಬಹುದಿತ್ತು. ಕೇಳಿ ಸರಕೋತಿದ್ಲು. ನನಗ ಆ ಹೆಂಗಸು ಕಾಣಲೇ ಇಲ್ಲ. ಹುಡುಕತೀನಿ, ಆ ಸೆಕೆಂಡೇ ನನ್ನ ಹತ್ತರ ಇಲ್ಲ. ನೀವು ಸಾಹೇಬರ ಮುಂದ ಇಬ್ರೂ ನೋಡಾಕತ್ತಿದ್ವಿ ಅಂತ ಬರದು ನನ್ನ ಉಳಿಸಿದ್ರಿ. ಯಾವ ಮುಖ ಇಟಗೊಂಡು ನಿಮ್ಮ ಮುಖ ನೋಡಲಿ?"

ಹೀಗೆ ಇಬ್ಬರೂ ಮೂರು ವರ್ಷ ಒಬ್ಬರ ಮುಂದೊಬ್ಬರು ಕಳ್ಳರಾಗಿದ್ದರು. ಜಯತೀರ್ಥನಿಗೆ ಅವನ ಮೇಲೆ ಮರುಕ ಬಂತು. ಮರುಕದ ಅಡಿಯಲ್ಲಿ ಒಂದು ಸಣ್ಣ ಸುಖವೂ ಇತ್ತು: ತಪ್ಪು ಬೇರೆಯವರದು. ಅಸಿಸ್ಟೆಂಟ್ ತಲೆ ತಗ್ಗಿಸಬಾರದಿತ್ತು. ಆಗಲೇ ಯಾಕೆ ತಗ್ಗಿಸಿದ್ದಿ, ಮೊಬೈಲೇನು ಎಂದು ಸ್ವಲ್ಪ ಹಿರಿಯನ ದನಿಯಲ್ಲೇ ಕೇಳಿದ.

"ಡಬ್ಬಿ ತೆಗೆಯಾಕ ಸರ್."

ಯಾರ ಡಬ್ಬಿ ಎಂದ ಜಯತೀರ್ಥ.

"ನಿಮ್ಮದು ಸರ್," ಎಂದ ಸಾಯಿಕುಮಾರ. ದೂರುವ ದನಿ ಅದಲ್ಲ. ಗೊತ್ತಿದ್ದದ್ದನ್ನೇ ಯಾಕೆ ಕೇಳುತ್ತಾರೆ ಎಂಬ ದನಿ. "ಡಬ್ಬಿ ತೆಗಿ ಅಂದ್ರಿ. ದಿನಾ ಅಲ್ಲೇ ಅಂತಿದ್ರಲ್ಲ."

ಜಯತೀರ್ಥ ಆ ದಿನದೊಳಗೆ ಹುಡುಕಿದ. ಗಿಣಿಹಸಿರು ಸೀರೆ ಇತ್ತು, ಕ್ಯಾನು ಇತ್ತು, ಚಪ್ಪಲಿಯ ದಾರ ಇತ್ತು. ಅದಕ್ಕೆ ಹಿಂದೆ ಏನೂ ಇರಲಿಲ್ಲ. ಮರಗಳು ಸರಿಯುವ ಮುಂಚಿನ ಒಂದು ನಿಮಿಷ ಬೋಳು ಗೋಡೆ. ಆದರೆ ಸುಳ್ಳು ಹೇಳುತ್ತಿದ್ದೀಯ ಎನ್ನಲು ಬಾಯಿ ಬರಲಿಲ್ಲ, ಏಕೆಂದರೆ ಅದು ನಿಜವೆಂದು ಗೊತ್ತಿತ್ತು. ಓಡುವ ಇಂಜಿನ್ನಿನಲ್ಲಿ ಊಟಕ್ಕೆಂದು ಬೇರೆ ಹೊತ್ತಿಲ್ಲ. ಅಸಿಸ್ಟೆಂಟ್ ಬ್ಯಾಗಿನಿಂದ ಡಬ್ಬಿ ತೆಗೆದು ರೊಟ್ಟಿಗೆ ಪಲ್ಯ ಸುತ್ತಿ ಹಿರಿಯನ ಕೈಗೆ ಕೊಡುತ್ತಾನೆ, ಹಿರಿಯ ಮುಂದೆ ನೋಡುತ್ತಲೇ ತಿನ್ನುತ್ತಾನೆ. ಎಲ್ಲರೂ ಮಾಡುವುದೇ. ವಿಕಾರಾಬಾದಿನ ಕೊನೆಯ ಸಿಗ್ನಲ್ ಹಸಿರು ಎಂದು ಕೂಗಿ, ಸಾಯಿಕುಮಾರನ ಹಸಿರು ಕೇಳಿಸಿಕೊಂಡು, ಅದೇ ಉಸಿರಿನಲ್ಲಿ 'ಡಬ್ಬಿ ತೆಗಿ' ಎನ್ನುತ್ತಿದ್ದ. ನೂರು ಸಲ ಅಂದಿರಬೇಕು, ಮುನ್ನೂರು ಸಲ. ಮೊದಲನೆಯದಕ್ಕೆ ಮಿದುಳು ಎದ್ದು ನಿಲ್ಲುತ್ತದೆ, ನೂರನೆಯದಕ್ಕೆ ತಲೆಯೂ ಎತ್ತುವುದಿಲ್ಲ. ಮೂರು ವರ್ಷ ಅವನು ಒಂದು ಸೆಕೆಂಡನ್ನು ಬಗೆದು ಬಗೆದು ನೋಡಿದ್ದ, ತಪ್ಪು ಅದರಲ್ಲಿ ಇರಲೇ ಇಲ್ಲ. ತಪ್ಪು ಅದರ ಹಿಂದಿನ ನಿಮಿಷದಲ್ಲಿತ್ತು. ದಿನದ ಮಾತು, ಕೇಡಿಲ್ಲದ, ಸಿಟ್ಟಿಲ್ಲದ, ನೆನಪಿಟ್ಟುಕೊಳ್ಳುವಂಥದ್ದೇನೂ ಇಲ್ಲದ ಎರಡು ಶಬ್ದ.

"ನಿಂದಲ್ಲ ತಪ್ಪು," ಎಂದ. "ತೆಗಿ ಅಂದಾಂವ ನಾನು. ನಿನ್ನ ಕಣ್ಣು ತಗ್ಗಿಸಿದಾಂವ ನಾನು."

ಸಾಯಿಕುಮಾರ ಗಾಬರಿಯಾಗಿ, ಹಂಗ್ಯಾಕ ಅಂತೀರಿ ಸರ್, ಅದು ದಿನಾ ಇದ್ದದ್ದೇ ಅಲ್ಲ ಎಂದ. ಸಮಾಧಾನ ಮಾಡಲಿಕ್ಕೇ ಅಂದದ್ದು. ಇಬ್ಬರು ಡ್ರೈವರ್‌ಗಳು ನಗುತ್ತ ಒಳಗೆ ಬಂದು ಅವನ ಹಿಂದೆ ನಿಂತರು. ಜಯತೀರ್ಥ ಕಾಗದದ ಮೇಲಿಂದ ಬೆರಳು ತೆಗೆದ. ಹಸಿವಾದರೆ ಗಾಡಿ ನಿಂತಾಗ ಉಣ್ಣು, ಓಡುವಾಗ ಬೇಡ ಎಂದಷ್ಟೇ ಹೇಳಿದ. ಹೂಂ ಸರ್ ಎಂದು ಸಾಯಿಕುಮಾರ ಬ್ಯಾಗು ಎತ್ತಿಕೊಂಡ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವನ ಹೆಗಲು ಬಂದಾಗಿನದಕ್ಕಿಂತ ನೆಟ್ಟಗಿತ್ತು. ಅಷ್ಟಾದರೂ ಆಯಿತಲ್ಲ ಎಂದುಕೊಂಡು ಜಯತೀರ್ಥ ನೆಕ್ಸ್ಟ್ ಎಂದ.

ಸಾಲು ಕರಗಿತು. ಇಷ್ಟು ದಿನ ಅವನ ಜೊತೆ ಗದಿಗೆಮ್ಮ ಇದ್ದಳು. ಕೂತಲ್ಲಿ, ನಿಂತಲ್ಲಿ, ಮುಖ ತಿರುಗಿಸಿ ಯಾರು ಎಂದು ನೋಡುತ್ತಿದ್ದಳು, ಅವನು ತನ್ನ ಅಪರಾಧವನ್ನು ಅವಳಿಗೆ ತೋರಿಸುತ್ತಿದ್ದ. ಒಂದು ಬಗೆಯ ಸಂಗಾತವೇ ಆಗಿತ್ತು ಅದು. ಈಗ ತೋರಿಸಲು ಏನಿದೆ? ಅವಳು ಆ ಹಸಿರು ಸೀರೆಯಲ್ಲಿ ನಿಂತೇ ಇದ್ದಾಳೆ, ಇವನು ಅವಳು ಬರುವ ಮುಂಚಿನ ಬೋಳು ನಿಮಿಷದಲ್ಲಿ ಒಬ್ಬನೇ ಸಿಕ್ಕಿಕೊಂಡಿದ್ದಾನೆ. ಅಲ್ಲಿ ನೋಡಲು ಏನೂ ಇಲ್ಲ. ಒಂದು ಮಾತನ್ನು ಆಡಿದವನೇ ಕೇಳಿಸಿಕೊಂಡಿಲ್ಲ ಎಂದರೆ ಅದನ್ನು ಯಾರ ಹತ್ತಿರ ಕ್ಷಮಿಸೆಂದು ಕೇಳುವುದು. ಅವನಿಗೆ ಭಯವಾಯಿತು, ಆ ಒಂದು ಮಾತಿಗಲ್ಲ. ಅಂಥವು ಇನ್ನೆಷ್ಟಿವೆಯೋ ಎಂದು.

ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಎರಡು ಗಂಟೆ. ನೀಲಾ. ಲಾಬಿಗೆ ಬಂದ ದಿನದಿಂದ ಎರಡು ಗಂಟೆಗೆ ಅವಳು ಫೋನು ಮಾಡುತ್ತಾಳೆ, ಒಂದೇ ಮಾತು ಕೇಳುತ್ತಾಳೆ, ಅವನು ಹ್ಞಾಂ ಎನ್ನುತ್ತಾನೆ, ಇಡುತ್ತಾಳೆ. ಖಾಲಿ ಹೊತ್ತಿನಲ್ಲಿ ಅವನು ಫೋನಿನ ಹಳೆಯ ಕರೆಗಳ ಪಟ್ಟಿಯ ಮೇಲೆ ಕಣ್ಣಾಡಿಸಿದ್ದುಂಟು: ನಿನ್ನೆ ಹನ್ನೊಂದು ಸೆಕೆಂಡು, ಮೊನ್ನೆ ಒಂಬತ್ತು, ಅದರಾಚೆ ದಿನ ಹನ್ನೊಂದು. ಆ ಪಟ್ಟಿ ಕೆಳಗೆ ಕೆಳಗೆ ಹೋಗುತ್ತಲೇ ಇರುತ್ತದೆ. ಅವುಗಳಲ್ಲಿ ಒಂದನ್ನೂ ಅವನು ಕೇಳಿಸಿಕೊಂಡಿಲ್ಲ. ಎತ್ತಿ ಕಿವಿಗಿಟ್ಟುಕೊಂಡ. ಆಚೆ ಕುಕ್ಕರು ಇಳಿಸಿದ ಸದ್ದು, ಟಿವಿಯ ದನಿ, ಅವಳ ಉಸಿರು.

"ಡಬ್ಬಿ ಬಿಚ್ಚಿದ್ರೇನ್ರಿ?" ಎಂದಳು ನೀಲಾ.

ಹ್ಞಾಂ ಎಂಬುದು ಬಾಯಿಯವರೆಗೆ ಬಂದಿತ್ತು. ಅವನು ಅದನ್ನು ತಡೆದ. ಡ್ರಾಯರು ಎಳೆದು ಡಬ್ಬಿಯನ್ನು ನೋಡಿದ. ಸ್ಟೀಲಿನದು, ಮುಚ್ಚಳದ ಮೇಲೆ ಮದುವೆಯ ವರ್ಷದಲ್ಲಿ ಕೊರೆಸಿದ ಅವಳ ಹೆಸರು ಅರ್ಧ ಅಳಿಸಿತ್ತು. ಇಷ್ಟು ವರ್ಷ ಇದನ್ನು ತೊಳೆದು, ತುಂಬಿ, ಒರೆಸಿ, ಅವನ ಬ್ಯಾಗಿನಲ್ಲಿ ಇಟ್ಟವಳಿಗೆ ಇದರ ಕತೆಯನ್ನು ಹೇಗೆ ಹೇಳುವುದು. ಆಚೆ ಅವಳು ಹಲೋ ಎಂದಳು. ಮತ್ತೊಮ್ಮೆ ಹಲೋ ಎಂದಳು. ಆಮೇಲೆ ಟಿವಿಯ ದನಿ ನಿಂತಿತು. ಅವಳು ಫೋನು ಇಡಲಿಲ್ಲ. ಎಷ್ಟು ಹೊತ್ತು ಹಾಗೆ ಇಬ್ಬರೂ ಸುಮ್ಮನಿದ್ದರೋ ಅವನಿಗೆ ತಿಳಿಯಲಿಲ್ಲ, ಗಡಿಯಾರ ನೋಡಬೇಕೆಂದೂ ಅನಿಸಲಿಲ್ಲ. ಅವಳು ಬಹಳ ಮೆಲ್ಲಗೆ, ಏನಾತ್ರಿ ಎಂದಳು.

"ಅವತ್ತು," ಎಂದ ಜಯತೀರ್ಥ, "ಅವತ್ತು ಗಾಡಿಯಾಗ ಡಬ್ಬಿ ತೆಗಿ ಅಂದೆ. ನನಗ ಹಸಿವೇ ಇರಲಿಲ್ಲ ನೀಲಾ."